ಮುಂದಿನ ನಾಲ್ಕು ಬೋಗಿ

ಫೆಬ್ರವರಿ 19, ಮಂಗಳವಾರ

ನಿಲ್ದಾಣದ ಗೋಡೆಗೆ ಹೊಸ ಭಿತ್ತಿಚಿತ್ರ ಅಂಟಿಸಿದ್ದಾರೆ. ಮೀನಿನ ಮೂತಿಯ ಬಿಳಿ ರೈಲು, ಪಕ್ಕದಲ್ಲಿ ಸೂಟ್‌ಕೇಸ್ ಹಿಡಿದು ಹಲ್ಲು ಬಿಡುವ ಹುಡುಗಿ. ‘ಇನ್ನು ವಿಮಾನ ನಿಲ್ದಾಣ ಮತ್ತಷ್ಟು ಹತ್ತಿರ’ ಎಂದು ಕೆಳಗೆ ಬರೆದಿದೆ. ಸುಳ್ಳು. ಸಮುದ್ರಕ್ಕೆ ಮಣ್ಣು ಸುರಿದು ಮಾಡಿದ ಆ ವಿಮಾನ ನಿಲ್ದಾಣದ ದ್ವೀಪ ನಮ್ಮ ಕಡೆಗೆ ಒಂದು ಗೇಣೂ ಸರಿದಿಲ್ಲ.

ನಿಜವಾದ ಸುದ್ದಿ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿದೆ. ಮಾರ್ಚ್ 16ರಿಂದ ಹಳೆಯ ಹಸಿರು ಗಾಡಿಗಳಿಗೆಲ್ಲ ನಿವೃತ್ತಿ. ಫುತಾಮತ ಜಂಕ್ಷನ್‌ನಲ್ಲಿ ಗಾಡಿ ಇಬ್ಭಾಗವಾಗುವ ಪದ್ಧತಿಗೂ ಮುಕ್ತಾಯ. ನಮ್ಮೂರಲ್ಲಿ ಹತ್ತಿ ನೇರವಾಗಿ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಾದರೆ ಹೆಚ್ಚಿನ ದುಡ್ಡು ಕೊಟ್ಟು, ಈಗಾಗಲೇ ಓಡತೊಡಗಿರುವ ಬಿಳಿ ರೈಲಿನಲ್ಲಿ ಸೀಟು ಕಾದಿರಿಸಬೇಕು. ಸಾದಾ ಟಿಕೆಟಿನವರು ಫುತಾಮತದಲ್ಲಿ ಇಳಿದು, ಮೇಲ್ಸೇತುವೆ ಹತ್ತಿ ದಾಟಿ, ಇನ್ನೊಂದು ಗಾಡಿಗೆ ಕಾಯಬೇಕು.

ವಿಮಾನ ನಿಲ್ದಾಣಕ್ಕೆ ದಿನಾ ಹೋಗುವವರು ಯಾರು? ಚಿತ್ರದ ಆ ಹುಡುಗಿಯಲ್ಲ. ಬೆಳಗಿನ ಗಾಡಿಯಲ್ಲಿ ನಿಂತುಕೊಂಡೇ ನಿದ್ದೆ ಮಾಡುವವರು: ನೆಲ ಒರೆಸುವವರು, ಸಾಮಾನು ಎತ್ತುವವರು, ಕ್ಷೌರಿಕ ಒಕಿತ್ಸುವಿನ ಹೆಂಡತಿಯ ಹಾಗೆ ವಿಮಾನದ ಊಟದ ಡಬ್ಬಿಗಳಿಗೆ ಅನ್ನ ತುಂಬುವವರು. ಇವರು ಒಂದು ವಾರ ಮನೆಯಲ್ಲಿ ಕೂತರೆ ಒಂದು ವಿಮಾನವೂ ಮೇಲೇಳದು. ಜಿಲ್ಲಾ ಗ್ರಂಥಾಲಯದಲ್ಲಿ ಜೀವಮಾನವಿಡೀ ಕೆಲಸ ಮಾಡಿದವನು ನಾನು. ಹಳೆಯ ಪತ್ರಿಕೆಗಳನ್ನು ಕಟ್ಟು ಹಾಕಿ ಇಟ್ಟವನು. ವಿಮಾನ ನಿಲ್ದಾಣ ಕಟ್ಟುವಾಗ ಈ ಊರಿಗೆ ಕೊಟ್ಟ ಮಾತುಗಳೆಲ್ಲ ನನಗೆ ನೆನಪಿವೆ. ಕೊಟ್ಟವರಿಗೆ ಮರೆತಿದೆ.

ಎಂಟು ಬೋಗಿಯ ಗಾಡಿ ಫುತಾಮತದಲ್ಲಿ ಎರಡಾಗುತ್ತದೆ. ಮುಂದಿನ ನಾಲ್ಕು ವಿಮಾನ ನಿಲ್ದಾಣಕ್ಕೆ, ಹಿಂದಿನ ನಾಲ್ಕು ತೊಮೊಗಾವ ಬಂದರಿಗೆ. ನಮ್ಮೂರಿನ ಮಕ್ಕಳು ಇದನ್ನು ಅಕ್ಷರಕ್ಕಿಂತ ಮೊದಲು ಕಲಿಯುತ್ತವೆ. ಹೊರಗಿನವರು ತಪ್ಪು ಬೋಗಿ ಹತ್ತಿ ಬಂದರಿನಲ್ಲಿ ಇಳಿದು ಕಣ್ಣು ಕಣ್ಣು ಬಿಡುತ್ತಾರೆ. ಸೂಟ್‌ಕೇಸ್ ಕಂಡಲ್ಲೆಲ್ಲ ‘ಮುಂದಿನ ನಾಲ್ಕು ಬೋಗಿ’ ಎಂದು ಹೇಳುವ ಕೆಲಸವನ್ನು ನಾನು ವರ್ಷಗಳಿಂದ ಸಂಬಳವಿಲ್ಲದೆ ಮಾಡುತ್ತಿದ್ದೇನೆ.

ಒಕಿತ್ಸು ಮತ್ತು ನಾನು ಸಹಿ ಸಂಗ್ರಹಿಸುವುದೆಂದು ತೀರ್ಮಾನವಾಯಿತು.

ಭಾನುವಾರ ಬ್ರೆಜಿಲ್‌ನಿಂದ ಅಕ್ಕ ಮಿಸಾವೊ ಬರುತ್ತಾಳೆ. ಮಾರ್ಚ್ 15ರವರೆಗೆ ಇರುತ್ತಾಳಂತೆ. ಅಮ್ಮನ ಅಂತ್ಯಕ್ರಿಯೆಗೆ ಬರಲಾಗದವಳಿಗೆ ಈಗ ಬಿಡುವಾಗಿದೆ. ಹಾಸಿಗೆ ಬಿಸಿಲಿಗೆ ಹಾಕಬೇಕು.

ಫೆಬ್ರವರಿ 24, ಭಾನುವಾರ

ವಿಮಾನ ನಿಲ್ದಾಣಕ್ಕೆ ಹೋಗಿ ಅಕ್ಕನನ್ನು ಕರೆದುಕೊಂಡು ಬಂದೆ. ಮುದುಕಿಯಾಗಿದ್ದಾಳೆ, ಅದು ಗೊತ್ತಿದ್ದದ್ದೇ. ಇಷ್ಟು ಕುಳ್ಳಗಿದ್ದಳೆಂದು ಮಾತ್ರ ನೆನಪಿರಲಿಲ್ಲ. ಅವಳು ಹೋದಾಗ ನನಗೆ ಒಂಬತ್ತು, ಅವಳಿಗೆ ಇಪ್ಪತ್ತು. ನಡುವೆ ಬಂದದ್ದು ಒಂದೇ ಸಲ, ಅಪ್ಪನ ವರ್ಷಾಬ್ದಿಕಕ್ಕೆ.

ಅವಳ ಭಾಷೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅಮ್ಮನ ಕಾಲದ ಈ ಊರಿನ ಮಾತು, ಒಂದು ಪದವೂ ಸವೆದಿಲ್ಲ. ಗಾಡಿ ಕಂಡ ಕೂಡಲೇ ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಟ್ಟಳು.

“ಹೀಬೋ, ಇದು ಆ ಕರೆಂಟು ಗಾಡಿನೇ ಅಲ್ವೇನೋ?”

ನನ್ನ ಹೆಸರು ಹಿಸಾಶಿ. ಅರವತ್ತೇಳು ವರ್ಷದವನನ್ನು ಹತ್ತು ಜನರ ಎದುರು ಹೀಬೋ ಎಂದು ಕರೆಯುವವರು ಇವಳನ್ನು ಬಿಟ್ಟರೆ ಯಾರೂ ಉಳಿದಿಲ್ಲ.

“ಅದೇ. ನೀನು ಹೋದ ವಸಂತದಲ್ಲಿ ಹೊಸದಾಗಿ ಬಂದಿತ್ತು. ಇನ್ನೇನು ಗುಜರಿಗೆ ಹಾಕ್ತಾರೆ.”

“ನನಗಿಂತ ಗಟ್ಟಿಯಾಗಿದೆಯಲ್ಲೋ!”

ಸೀಟಿನ ಮಖಮಲ್ಲನ್ನು ಬೆಕ್ಕಿನ ಬೆನ್ನು ಸವರಿದ ಹಾಗೆ ಸವರಿದಳು. ಆಮೇಲೆ ಎರಡೂ ಕೈಯಿಂದ ಚಿಲಕ ಒತ್ತಿ ಕಿಟಕಿ ಎತ್ತಿದಳು. ಫೆಬ್ರವರಿಯ ಕಡಲ ಗಾಳಿ! ಎದುರಿನ ಸಾಲಿನವರೆಲ್ಲ ಮಫ್ಲರ್ ಬಿಗಿದುಕೊಂಡು ನನ್ನನ್ನು ದುರುಗುಟ್ಟಿ ನೋಡಿದರು. ಮುಚ್ಚು ಎಂದೆ. ಇನ್ನೊಂದು ಸ್ಟೇಷನ್ ಎಂದಳು. ನಮ್ಮೂರು ಬರುವವರೆಗೂ ಮುಚ್ಚಲಿಲ್ಲ.

ಸೂಟ್‌ಕೇಸಿನ ಅರ್ಧ ಕಾಫಿಪುಡಿ. ನಾನು ಕುಡಿಯುವುದು ಚಹಾ.

ಫೆಬ್ರವರಿ 28, ಗುರುವಾರ

ನಿಲ್ದಾಣದ ಎದುರು ಮೇಜು ಹಾಕಿ ಕೂತೆವು. ನಮ್ಮ ಮನವಿ ಐದು ಪುಟ. ಮೊದಲ ಪುಟದಲ್ಲಿ ರೈಲುಮಾರ್ಗದ ಇತಿಹಾಸ; ಎರಡನೆಯದರಲ್ಲಿ ಹೊಸ ಗಾಡಿಯ ದೋಷಗಳು. ಅದರ ಕಿಟಕಿ ತೆರೆಯಲು ಬರುವುದಿಲ್ಲ ಎಂಬುದನ್ನು ಅಡಿಗೆರೆ ಎಳೆದು ಬರೆದಿದ್ದೇನೆ. ಬೆಳಗಿನಿಂದ ಒಬ್ಬ ಪುಣ್ಯಾತ್ಮನೂ ಓದಲಿಲ್ಲ.

“ಗುರುಗಳೇ, ಜನ ರೈಲು ಹಿಡಿಯೋಕೆ ಬಂದಿರೋದು, ಪರೀಕ್ಷೆ ಬರೆಯೋಕಲ್ಲ” ಎಂದ ಒಕಿತ್ಸು.

ಮಧ್ಯಾಹ್ನ ಮಿಸಾವೊ ಬುತ್ತಿ ತಂದಳು. ಕೊಟ್ಟು ಹೋಗುತ್ತಾಳೆ ಅಂದುಕೊಂಡರೆ ಮೇಜಿನ ಮುಂದೆ ನಿಂತು ಸಂತೆಯಲ್ಲಿ ಮೂಲಂಗಿ ಮಾರುವವಳ ಹಾಗೆ ಕೂಗತೊಡಗಿದಳು: “ಬನ್ನಿ, ಬನ್ನಿ! ನಾನು ಈ ಗಾಡೀಲಿ ಹೊರಟು ಬ್ರೆಜಿಲ್ ಮುಟ್ಟಿದವಳು! ಇನ್ನೂ ಓಡುತ್ತೆ, ನೋಡಿ, ನನ್ನ ಹಾಗೇ! ಒಂದು ಸಹಿ ಹಾಕಿ ಹೋಗಿ!”

ಜನ ನಿಂತರು, ನಕ್ಕರು, ಸಹಿ ಹಾಕಿದರು. ಶಾಲೆಯ ಹುಡುಗಿಯರು ಅವಳ ಜೊತೆ ಫೋಟೊ ತೆಗೆಸಿಕೊಂಡರು. ಗಂಭೀರವಾದ ಒಂದು ನಾಗರಿಕ ಪ್ರಶ್ನೆ ಹೀಗೆ ಜಾತ್ರೆಯಾಗುವುದು ನನಗೆ ಸರಿಬರಲಿಲ್ಲ. ಆದರೆ ಹಾಳೆಗಳು ಮುಗಿದು ಒಕಿತ್ಸು ಅಂಗಡಿಗೆ ಓಡಬೇಕಾಯಿತು.

ಮಾರ್ಚ್ 3, ಭಾನುವಾರ

ಹೆಣ್ಣುಮಕ್ಕಳ ಹಬ್ಬ. ಅಟ್ಟದಿಂದ ಅಮ್ಮನ ಗೊಂಬೆಗಳನ್ನು ಇಳಿಸಿದಳು. ರಾಣಿಗೊಂಬೆಯ ಕೈಯ ಬೀಸಣಿಗೆ ಕಳೆದುಹೋಗಿದೆ. ಚಾಕಲೇಟಿನ ಬಂಗಾರದ ಕಾಗದ ಮಡಿಸಿ ಒಂದನ್ನು ಮಾಡಿಟ್ಟಳು.

ಅಮ್ಮ ಕೊನೆಯ ದಿನಗಳಲ್ಲಿ ನನ್ನನ್ನೇ ಮಿಸಾವೊ ಎಂದು ಕರೆಯುತ್ತಿದ್ದಳು ಎಂದು ಹೇಳಿದೆ. ನೀನು ಬರಲಿಲ್ಲ ಎಂದೂ ಹೇಳಿದೆ. ಅವಳು ಬಟ್ಟಲು ತೊಳೆಯುತ್ತಿದ್ದಳು. ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು.

ಮಾರ್ಚ್ 5, ಮಂಗಳವಾರ

ರೈಲು ಕಂಪನಿಯ ಕಚೇರಿಯಲ್ಲಿ ಸಹಿಗಳನ್ನು ಒಪ್ಪಿಸಿದೆವು. ಸೊಂಟದಿಂದ ಬಾಗಿ ಎರಡು ಕೈಯಲ್ಲಿ ತೆಗೆದುಕೊಂಡ ಅಧಿಕಾರಿಗೆ ಬಹಳವಾದರೆ ಮೂವತ್ತು ವಯಸ್ಸು. “ಊರಿನ ಹಿರಿಯರ ಭಾವನೆಗಳನ್ನು ನಾವು ಗೌರವದಿಂದ ಸ್ವೀಕರಿಸುತ್ತೇವೆ” ಎಂದ.

ಭಾವನೆ! ನಾನು ಟಿಕೆಟ್ ದರದ ಬಗ್ಗೆ ಮಾತಾಡಿದೆ, ಮೇಲ್ಸೇತುವೆಗೆ ಲಿಫ್ಟ್ ಇಲ್ಲದಿರುವುದರ ಬಗ್ಗೆ ಮಾತಾಡಿದೆ, ಹಿಂದೆ ಇದೇ ಕಂಪನಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಭರವಸೆಯನ್ನು ಓದಿ ಹೇಳಿದೆ. ಅವನಿಗೆ ಕೇಳಿಸಿದ್ದು ಭಾವನೆ. ವಯಸ್ಸಾದವನು ಲೆಕ್ಕ ಕೇಳಿದರೆ ಅದಕ್ಕೆ ಭಾವನೆ ಎಂದು ಹೆಸರಿಟ್ಟು ಕಪಾಟಿನಲ್ಲಿಡುವುದನ್ನು ಈಗಿನವರು ಚೆನ್ನಾಗಿ ಕಲಿತಿದ್ದಾರೆ.

ತೀರ್ಮಾನ ಬದಲಾಗುವುದಿಲ್ಲ. ಆ ಬಿಳಿ ರೈಲಿಗೆ ನಾನು ಬದುಕಿರುವ ತನಕ ಕಾಲಿಡುವುದಿಲ್ಲ. ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮನೆಗೆ ಬಂದಾಗ ಮಿಸಾವೊ ಏನೂ ಕೇಳದೆ ಕಾಫಿ ಮುಂದಿಟ್ಟಳು. ಪಾಯಸದಷ್ಟು ಸಿಹಿ. ಕುಡಿದೆ.

ಮಾರ್ಚ್ 8, ಶುಕ್ರವಾರ

ಅಪ್ಪ ಅಮ್ಮನ ಸಮಾಧಿಗೆ ಹೋಗಿಬಂದೆವು. ಹಿಂದಿನ ನಾಲ್ಕು ಬೋಗಿ, ಬಂದರಿನ ಕಡೆ. ಕೆಂಪು ಬಲೆಚೀಲದಲ್ಲಿ ಕಿತ್ತಳೆ ತಂದಿದ್ದಳು. ಸುಲಿದ ಸಿಪ್ಪೆಯನ್ನು ಕಿಟಕಿಯ ಅಂಚಿನಲ್ಲಿ ಸಾಲಾಗಿ ಜೋಡಿಸಿದಳು, ನಾನು ಚಿಕ್ಕವನಿದ್ದಾಗ ಮಾಡುತ್ತಿದ್ದಂತೆಯೇ. ಆಗ ನಿಲ್ದಾಣಗಳಲ್ಲಿ ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಚಹಾ ಮಾರುತ್ತಿದ್ದರು. ಕುಡಿಕೆ ಮನೆಗೆ ತಂದು ಅದರಲ್ಲಿ ನಾನು ಏಡಿ ಸಾಕುತ್ತಿದ್ದೆ. ಅದನ್ನು ನಾನೇ ಮರೆತಿದ್ದೆ. ಅವಳಿಗೆ ಆ ಏಡಿಗೆ ನಾನಿಟ್ಟ ಹೆಸರೂ ನೆನಪಿದೆ.

ಸಮಾಧಿಯ ಕಲ್ಲು ತೊಳೆದು, ಊದುಬತ್ತಿ ಹಚ್ಚಿ, ಗುಡ್ಡದ ಮೆಟ್ಟಿಲ ಮೇಲೆ ಕೂತೆವು. ಕೆಳಗೆ ಬಂದರಿನಲ್ಲಿ ಈಗ ಮೀನಿನ ದೋಣಿಗಳು ಮಾತ್ರ. ಅಲ್ಲಿಂದಲೇ ಅವಳು ಕೋಬೆ ಪಟ್ಟಣಕ್ಕೆ ಹೋಗುವ ಹಡಗು ಹತ್ತಿದ್ದು, ಕೋಬೆಯಿಂದ ಬ್ರೆಜಿಲ್‌ಗೆ. ಹೊರಡುವವರು ಮೇಲೆ ನಿಂತು ಬಣ್ಣದ ಕಾಗದದ ಸುರುಳಿ ಎಸೆಯುತ್ತಿದ್ದರು. ದಡದವರು ಅದರ ತುದಿ ಹಿಡಿಯುತ್ತಿದ್ದರು. ಹಡಗು ದೂರ ಹೋದಂತೆ ಸುರುಳಿ ಬಿಚ್ಚಿ, ಎಳೆದು, ಕೊನೆಗೆ ಹರಿಯುತ್ತಿತ್ತು.

“ನಿಂಗೆ ಅಂತ ನೀಲಿ ಸುರುಳಿ ಇಟ್ಕೊಂಡಿದ್ದೆ” ಎಂದಳು. “ಅಪ್ಪ ಕೆಳಗಿಂದ ಕೂಗಿದ್ರು, ಇತ್ಲಾಗೆ ಎಸಿ, ನಾನೇ ಹಿಡೀತೀನಿ ಅಂತ. ನಾನು ಎಸೀಲಿಲ್ಲ.”

ನಾನು ಆ ದಿನ ಬಂದರಿನಲ್ಲಿ ಇರಲಿಲ್ಲ. ಹೊಸ ಹಸಿರು ಗಾಡಿಯಲ್ಲಿ ಚಾಲಕನ ಹಿಂದಿನ ಗಾಜಿಗೆ ಮೂಗು ಒತ್ತಿ ನಿಲ್ಲುವ ಆಸೆಗೆ ಗುಂಪಿನಿಂದ ತಪ್ಪಿಸಿಕೊಂಡು ಮುಂದಿನ ಬೋಗಿಗೆ ಓಡಿದ್ದೆ. ಗಾಡಿ ಫುತಾಮತದಲ್ಲಿ ಇಬ್ಭಾಗವಾಯಿತು. ಆಗ ವಿಮಾನ ನಿಲ್ದಾಣವೆಲ್ಲಿ? ಮುಂದಿನ ಬೋಗಿಗಳು ಹೋಗುತ್ತಿದ್ದದ್ದು ಚಿಪ್ಪುಮೀನು ಅಗೆಯುವ ಕಡಲತೀರಕ್ಕೆ. ಅಲ್ಲಿ ಇಳಿದು, ಮರಳಿನ ಮೇಲೆ ನಿಂತು, ಬಹಳ ದೂರದಲ್ಲಿ ಒಂದು ಹಡಗು ಹೋಗುವುದನ್ನು ನೋಡಿದೆ. ಅವಳದೇ ಇರಬೇಕು.

“ಎಷ್ಟು ಅತ್ತಿದ್ದೀಯೋ ಪಾಪ ಅಂತ ದಾರಿಯುದ್ದಕ್ಕೂ ಅದೇ ಯೋಚ್ನೆ ನಂಗೆ” ಎಂದಳು ಅಕ್ಕ.

“ಅಳಲಿಲ್ಲ.”

“ಹೋಗೋ! ಮೂರು ದಿನ ಊಟ ಬಿಟ್ಟಿದ್ದನ್ನ ಅಮ್ಮ ಹೇಳಿದಾಳೆ.”

ಅಮ್ಮನ ಸಾವಿನ ವಿಷಯವನ್ನು ಆಮೇಲೆ ಅವಳೇ ತೆಗೆದಳು. “ಸುದ್ದಿ ಬಂದಾಗ ಅಲ್ಲಿನ ವಿಮಾನ ನಿಲ್ದಾಣದವರೆಗೂ ಹೋಗಿದ್ದೆ ಕಣೋ. ಎರಡು ದಿನದ ದಾರಿ. ಇಲ್ಲಿಗೆ ಬಂದು ಮುಟ್ಟೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ ಅಂದರು. ಅಲ್ಲೇ ಬೆಂಚಿನ ಮೇಲೆ ಕೂತಿದ್ದು ವಾಪಸ್ ಹೋದೆ. ನೀನು ಸಿಟ್ಟು ಮಾಡ್ಕೋ, ಬೇಡ ಅನ್ನಲ್ಲ. ಆದರೆ ವಿಮಾನ ಎರಡೂ ಕಡೆ ಹಾರುತ್ತೆ ಹೀಬೋ. ನೀನು ಒಂದು ಸಲ ಬಂದ್ಯಾ?”

ಇದಕ್ಕೆ ನನ್ನಲ್ಲಿ ಉತ್ತರ ಇದೆ. ನಾಳೆ ಬರೆಯುತ್ತೇನೆ.

ಮಾರ್ಚ್ 12, ಮಂಗಳವಾರ

ಪೇಟೆಯಲ್ಲಿ ಅಕ್ಕನಿಗೆ ಸಾರಿಗೆ ಹಾಕುವ ಮಿಸೊ, ಒಣ ಕಡಲಪಾಚಿ, ಅವಳ ಮೊಮ್ಮಗಳ ಮದುವೆಗೆಂದು ಒಂದು ಬೀಸಣಿಗೆ ಕೊಂಡೆವು. ಸೂಟ್‌ಕೇಸ್ ಮುಚ್ಚುತ್ತಿಲ್ಲ. ನಾನು ಮೇಲೆ ಕೂತೆ, ಅವಳು ಬೀಗ ಹಾಕಿದಳು.

“ನೋಡು, ಇನ್ನು ನಾನು ಬರೋದಿಲ್ಲ. ಮಂಡಿ ಒಪ್ಪಲ್ಲ” ಎಂದಳು. “ಈ ಸಲ ನೀನು ಕಳಿಸೋಕೆ ಬರ್ಬೇಕು. ಗೇಟಿನ ತನಕ. ಅಷ್ಟೇ ನಾನು ಕೇಳೋದು.”

“ಬರದೆ ಎಲ್ಲಿ ಹೋಗ್ತೀನಿ?”

“ನೀನಾ? ಚಾಲಕನ ಹಿಂದೆ ಹೋಗ್ತೀಯ.”

ಶುಕ್ರವಾರ ಅವಳ ವಿಮಾನಕ್ಕೆ ಹೊಂದುವುದು ಮಧ್ಯಾಹ್ನದ ಗಾಡಿ. ಹಸಿರು ಗಾಡಿಯ ಕೊನೆಯ ಓಟವೂ ಅದೇ. ಫುತಾಮತದಲ್ಲಿ ಕೊನೆಯ ಬಾರಿಗೆ ಕೊಂಡಿ ಕಳಚುವಾಗ ಬ್ಯಾನರ್ ಹಿಡಿದು ನಿಲ್ಲೋಣ, ಪತ್ರಿಕೆಯವರು ಬರುತ್ತಾರೆ ಎಂದು ಒಕಿತ್ಸು ಹಟ ಹಿಡಿದಿದ್ದಾನೆ. ಗಾಡಿ ಅಲ್ಲಿ ಹೇಗೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಳಿದು, ಹಿಡಿದು, ಹತ್ತಿದರಾಯಿತು. ತೊಂದರೆಯಿಲ್ಲ.

ಮಾರ್ಚ್ 15, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಮೂರನೆಯ ಬೋಗಿಯಲ್ಲಿ ಕಡಲಿನ ಬದಿಗೆ ಕೂತೆವು. ಅಕ್ಕನ ಮಡಿಲಲ್ಲಿ ಕೆಂಪು ಬಲೆಯ ಕಿತ್ತಳೆ. ಎಲ್ಲಿ ನೋಡಿದರೂ ಕ್ಯಾಮೆರಾ. ಗದ್ದೆಯ ಬದುವಿನ ಮೇಲೂ ಜನ ಏಣಿ ಹಾಕಿ ನಿಂತಿದ್ದರು. ಇಷ್ಟು ದಿನ ಎಲ್ಲಿದ್ದರೋ! ಇವರಲ್ಲಿ ಅರ್ಧದಷ್ಟು ಮಂದಿ ದಿನಾ ಟಿಕೆಟ್ ಕೊಂಡಿದ್ದರೆ ಗಾಡಿ ಉಳಿಯುತ್ತಿತ್ತು.

ಫುತಾಮತದಲ್ಲಿ ಪ್ಲಾಟ್‌ಫಾರ್ಮ್ ಕಿಕ್ಕಿರಿದಿತ್ತು. ‘ತಲೆ ತಗ್ಗಿಸ್ರೀ ಮುಂದಿನವ್ರು!’ ಎಂದು ಏಣಿಯವರು ಅರಚುತ್ತಿದ್ದರು. “ಈಗ ಬಂದೆ” ಎಂದು ಅಕ್ಕನಿಗೆ ಹೇಳಿ ಇಳಿದೆ. ನಾಲ್ಕು ಮತ್ತು ಐದನೆಯ ಬೋಗಿಗಳ ನಡುವೆ ಒಕಿತ್ಸು ಬ್ಯಾನರ್ ಬಿಚ್ಚಿ ಕಾಯುತ್ತಿದ್ದ.

“ಗುರುಗಳೇ, ಆ ತುದಿ ಹಿಡ್ಕೊಳಿ!”

ಹಿಡಿದೆ. ಬಿಳಿ ಕೈಗವಸಿನ ನೌಕರ ಬೋಗಿಗಳ ನಡುವೆ ಬಾಗಿ ನೋಡಿ ಕೈ ಎತ್ತಿದ. ಗಾಳಿ ಬಿಟ್ಟ ಸದ್ದು. ಕೊಂಡಿ ಕಳಚಿತು. ನಡುವೆ ಮೊದಲು ಒಂದು ಅಂಗೈ ಅಗಲದ ಬೆಳಕು, ಆಮೇಲೆ ಒಂದು ತೋಳಿನಷ್ಟು. ಯಾರೋ ಚಪ್ಪಾಳೆ ತಟ್ಟಿದರು. ಯಾರೋ ‘ಬಹಳ ದುಡಿದಿರಿ!’ ಎಂದು ಗಾಡಿಗೆ ಕೂಗಿದರು. ಒಂದು ಇಡೀ ಕಾಲ ನನ್ನ ಕಣ್ಣೆದುರಿಗೆ ಎರಡಾಗುತ್ತಿತ್ತು, ನಾನು ಬಟ್ಟೆಯ ತುಂಡೊಂದರ ತುದಿ ಹಿಡಿದು ನಿಂತಿದ್ದೆ.

ಗಂಟೆ ಹೊಡೆಯಿತು. “ಹೀಬೋ!” ಎಂದು ಕೇಳಿಸಿತು. ಅಕ್ಕ ಕಿಟಕಿ ಎತ್ತಿ ತಲೆ ಹೊರಗೆ ಹಾಕಿದ್ದಳು. ಬ್ಯಾನರ್ ಬಿಟ್ಟು ನುಗ್ಗಿದೆ. ಏಣಿ, ಬ್ಯಾಗು, ಬೆನ್ನುಗಳು. ಯಾರೋ ತಳ್ಳಿದರು, ತಿರುಗಿದೆ, ಎದುರಿಗೆ ಹಸಿರು ಬಾಗಿಲು ಕಂಡಿತು, ಹತ್ತಿದೆ.

ಗಾಡಿ ಹೊರಟಿತು. ನಾನು ಹೊರಡಲಿಲ್ಲ.

ಬೋಗಿಯ ತುದಿಯ ಗಾಜಿನಿಂದ ನೋಡಿದರೆ ನಾಲ್ಕನೆಯ ಬೋಗಿಯ ಬೆನ್ನು ಸಣ್ಣದಾಗುತ್ತಿತ್ತು. ಬಾಗಿಲ ಬಳಿ ಕೂತಿದ್ದ ಶಾಲೆಯ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: “ವಿಮಾನ ನಿಲ್ದಾಣಕ್ಕಾ ತಾತ? ಅದು ಮುಂದಿನ ನಾಲ್ಕು ಬೋಗಿ. ಇದು ಬಂದರಿಗೆ ಹೋಗುತ್ತೆ.”

ನನ್ನದೇ ರಾಗ. ಎಷ್ಟು ಜನಕ್ಕೆ ಇದೇ ರಾಗದಲ್ಲಿ ಹೇಳಿದ್ದೇನೋ.

ಕೆಳಗೆ ಧುಮುಕಿದೆ. ಒಕಿತ್ಸು ಒಬ್ಬನೇ ಬ್ಯಾನರ್ ಸುತ್ತುತ್ತಿದ್ದ. “ನೀವಿನ್ನೂ ಇಲ್ಲೇ?”

“ಅಕ್ಕ ಹೋದಳು” ಎಂದೆ. ಅವಳ ಹತ್ತಿರ ಇಲ್ಲಿ ನಡೆಯುವ ಫೋನೂ ಇಲ್ಲ.

ಒಕಿತ್ಸುವಿನ ಮುಖದಲ್ಲಿ ನಗು ಇರಲಿಲ್ಲ. ಪಕ್ಕದ ಹಳಿಯ ಕಡೆ ತಿರುಗಿ ನೋಡಿದ. “ಬಿಳೀದು ಬರ್ತಾ ಇದೆ. ಹತ್ತಿ.”

“ಅದನ್ನಾ?”

“ಹತ್ತ್ರೀ ಗುರುಗಳೇ! ಚಳವಳಿ ಕಡೆಯಿಂದ ನಿಮಗೆ ಮಾಫಿ!” ಎಂದು ಬೆನ್ನಿಗೆ ಕೈ ಹಚ್ಚಿ ದೂಡಿದ.

ಕೂರಲಿಲ್ಲ, ಬಾಗಿಲ ಬಳಿ ನಿಂತೇ ಇದ್ದೆ. ಟಿಕೆಟ್ ನೋಡುವ ಹುಡುಗಿ ಬಂದಳು. ಸೀಟಿನ ಹಣವನ್ನು ಅವಳ ಕೈಗೇ ಕೊಟ್ಟೆ. ನನ್ನ ಕೋಟಿನ ಮೇಲೆ ‘ಹಸಿರು ಗಾಡಿ ಉಳಿಸಿ’ ಎಂಬ ಬಿಲ್ಲೆ ಇದ್ದದ್ದು ಅವಳು ಅದನ್ನೇ ನೋಡಿದಾಗ ನೆನಪಾಯಿತು. ಮುಚ್ಚಿಕೊಳ್ಳಲು ತಡವಾಗಿತ್ತು.

“ತಲೆಕೆಳಗಾಗಿದೆ, ಸರ್” ಎಂದಳು ಮೆಲ್ಲಗೆ. ಬಿಲ್ಲೆಯನ್ನು ಅವಳೇ ನೆಟ್ಟಗೆ ಮಾಡಿ, ಬಾಗಿ ನಮಸ್ಕರಿಸಿ ಮುಂದೆ ಹೋದಳು.

ಇಸೊಮುರ ನಿಲ್ದಾಣದ ಬಳಿ ಬಿಳಿ ರೈಲು ನಿಧಾನವಾಯಿತು. ಪಕ್ಕದ ಹಳಿಯಲ್ಲಿ ಹಸಿರು ಗಾಡಿ ನಿಂತಿತ್ತು, ನಮಗೆ ದಾರಿ ಬಿಟ್ಟುಕೊಟ್ಟು. ಪ್ರಾಯದವರಿಗೆ ಪಕ್ಕಕ್ಕೆ ಸರಿದು ನಿಂತ ಮುದುಕನ ಹಾಗೆ. ಬೋಗಿಗಳು ಒಂದೊಂದಾಗಿ ಜಾರಿದವು. ಮೂರನೆಯದರಲ್ಲಿ ಅಕ್ಕ. ಕಡಲು ನೋಡುತ್ತಿರಲಿಲ್ಲ. ಕಿತ್ತಳೆ ಸುಲಿದಿರಲಿಲ್ಲ. ಬಾಗಿಲು ನೋಡುತ್ತಾ ಕೂತಿದ್ದಳು. ನಾನು ಬರಬೇಕಾದ ಬಾಗಿಲು.

ಗಾಜಿಗೆ ಎರಡೂ ಅಂಗೈಯಿಂದ ಬಡಿದೆ. ಕೂಗಿದೆ ಕೂಡ, ಹಿಂದಿನ ಸೀಟಿನ ದಂಪತಿ ಗಾಬರಿಯಾದರು. ಆ ಗಾಜು ಒಂದು ಕೂದಲೆಳೆಯಷ್ಟೂ ತೆರೆಯುವುದಿಲ್ಲ. ಮನವಿಯ ಎರಡನೇ ಪುಟದಲ್ಲಿ ಬರೆದಿದ್ದೆ. ಸರಿಯಾಗಿಯೇ ಬರೆದಿದ್ದೆ.

ಅವಳು ತಿರುಗಲಿಲ್ಲ. ನಾವು ಮುಂದಕ್ಕೆ ಹೋದೆವು.

ಸೇತುವೆ, ಸಮುದ್ರ, ದ್ವೀಪ. ಹಿಂದೆ ಚಿಪ್ಪುಮೀನಿನ ಮರಳದಂಡೆ ಇದ್ದದ್ದು ಇಲ್ಲೇ ಎಲ್ಲೋ, ಈ ಸೇತುವೆಯ ಬುಡದಲ್ಲಿ. ಆ ಕಡೆ ನೋಡಲಿಲ್ಲ. ಕೊನೆಯ ನಿಲ್ದಾಣದಲ್ಲಿ ಇಳಿದು ಪಕ್ಕದ ಪ್ಲಾಟ್‌ಫಾರ್ಮಿಗೆ ಓಡಿ, ಮೂರನೆಯ ಬೋಗಿ ನಿಲ್ಲುವ ಗುರುತಿನ ಮೇಲೆ ನಿಂತೆ. ಅಲ್ಲೂ ಕ್ಯಾಮೆರಾದವರ ಗುಂಪು. ಒಬ್ಬ ‘ಸ್ವಲ್ಪ ಸರೀರಿ, ಗಾಡಿಗೆ ಅಡ್ಡ ಬರ್ತೀರಿ’ ಎಂದ. ನಾನು ಸರಿಯಲಿಲ್ಲ.

ಹಸಿರು ಗಾಡಿ ದೀಪ ಹಚ್ಚಿಕೊಂಡು ಬಂತು. ಎಲ್ಲರೂ ಗಾಡಿಯ ಮುಖ ನೋಡುತ್ತಿದ್ದರು. ಅದು ನಿಂತದ್ದು ನನಗೆ ಸರಿಯಾಗಿ ನೆನಪಿಲ್ಲ. ಬಾಗಿಲು ತೆರೆದದ್ದು ನೆನಪಿದೆ. ಅಕ್ಕ ಸೂಟ್‌ಕೇಸ್ ಎಳೆಯುತ್ತಾ ಇಳಿದು, ಎದುರು ಬಂದ ನೌಕರನನ್ನು ತಡೆದಳು: “ನೋಡಪ್ಪ, ನನ್ನ ತಮ್ಮ ಫುತಾಮತದಲ್ಲೇ ಉಳಿದುಬಿಟ್ಟ. ಯಾವಾಗಲೂ ಹೀಗೇ ಅವನು, ಈ ಗಾಡಿ ಕಂಡರೆ...”

“ಅಕ್ಕಾ” ಎಂದೆ.

ನನ್ನನ್ನು ನೋಡಿದಳು. ಇಳಿದು ಬಂದ ಗಾಡಿಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು.

“ಯಾವುದರಲ್ಲಿ ಬಂದ್ಯೋ?”

ಆಚೆ ನಿಂತಿದ್ದ ಬಿಳಿ ರೈಲಿನ ಕಡೆ ಬೆರಳು ತೋರಿಸಿದೆ.

ನಗತೊಡಗಿದಳು. ಸೂಟ್‌ಕೇಸಿನ ಮೇಲೆ ಕೂತು, ಮಂಡಿ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡ ಮೇಲೂ ಮತ್ತೆ ಬಂತು. “ಪೇಪರ್‌ನೋರು ಎಲ್ಲಿ? ಕರಿ, ನಾನು ಹೇಳ್ತೀನಿ ಅವ್ರಿಗೆ!” ಆಮೇಲೆ ಎದ್ದು ಸೂಟ್‌ಕೇಸನ್ನು ಅಡ್ಡ ಮಲಗಿಸಿ, ಒಂದು ತುದಿಯ ಹಿಡಿಯನ್ನು ನನ್ನ ಕಡೆ ತಿರುಗಿಸಿದಳು.

“ಹಿಡಿ.”

ಹಿಡಿದೆ. ಇನ್ನೊಂದು ತುದಿ ಅವಳು ಹಿಡಿದಳು. ಚಕ್ರ ಇರುವ ಸೂಟ್‌ಕೇಸ್ ಅದು. ಆದರೂ ಇಬ್ಬರೂ ಎತ್ತಿಕೊಂಡೇ ಗೇಟಿನ ತನಕ ನಡೆದೆವು.

ಮಾರ್ಚ್ 16, ಶನಿವಾರ

ಹಸಿರು ಗಾಡಿ ಇಲ್ಲದ ಮೊದಲ ದಿನ. ನಿಲ್ದಾಣಕ್ಕೆ ಹೋಗಲಿಲ್ಲ. ಅಕ್ಕ ಬಿಟ್ಟುಹೋದ ಕಿತ್ತಳೆ ತಿಂದೆ. ಕಾಫಿ ಮಾಡಿಕೊಂಡೆ, ಸಕ್ಕರೆ ಸಾಲಲಿಲ್ಲ.

ಮಾರ್ಚ್ 26, ಮಂಗಳವಾರ

ಒಕಿತ್ಸುವಿನ ಅಂಗಡಿಯಲ್ಲಿ ಕೂದಲು ಕತ್ತರಿಸಿಕೊಂಡೆ. ಪಾಸ್‌ಪೋರ್ಟಿನ ಫೋಟೊಗೆ ಕಿವಿ ಕಾಣಬೇಕೇ ಬೇಡವೇ ಎಂದು ಅರ್ಧ ಗಂಟೆ ವಾದ ಮಾಡಿದ. ಅವನ ಹೆಂಡತಿ ಈಗ ಫುತಾಮತದ ಮೇಲ್ಸೇತುವೆಗಾಗಿ ಮನೆಯಿಂದ ಬೇಗ ಹೊರಡಬೇಕಾಗಿದೆ. ಲಿಫ್ಟಿನ ವಿಷಯ ನಾವು ಬಿಡುವುದಿಲ್ಲ; ಹೊಸ ಮನವಿ ಒಂದೇ ಪುಟ ಇರಲಿ ಎಂದು ಒಪ್ಪಿದ್ದೇನೆ. ಬಿಳಿ ರೈಲಿನಲ್ಲಿ ದೊಡ್ಡ ಸೂಟ್‌ಕೇಸ್ ಇಡುವ ಜಾಗವೂ ಸಾಲದು. ಅದನ್ನೂ ಸೇರಿಸಬೇಕು. ಅಕ್ಕನ ಊರಲ್ಲಿ ಜೂನ್ ಎಂದರೆ ಚಳಿಗಾಲವಂತೆ, ಸ್ವೆಟರ್ ತಗೊಂಡು ಬಾ ಎಂದಿದ್ದಾಳೆ. ಸ್ವೆಟರ್ ಎಂದರೆ ಜಾಗ ಬೇಕು.

ಹಿಂತಿರುಗುವಾಗ ನಿಲ್ದಾಣದಲ್ಲಿ ಬಿಳಿ ರೈಲು ನಿಂತಿತ್ತು. ಮಗುವನ್ನು ಎತ್ತಿಕೊಂಡ ಒಬ್ಬಾಕೆ ಸೂಟ್‌ಕೇಸ್ ಎಳೆಯುತ್ತಾ ಓಡಿಬಂದು, ಟಿಕೆಟ್ ತೋರಿಸಿ, ವಿಮಾನ ನಿಲ್ದಾಣಕ್ಕೆ ಇದೇ ತಾನೇ ಎಂದು ನನ್ನನ್ನೇ ಕೇಳಿದಳು.

“ಮುಂದಿನ ನಾಲ್ಕು...” ಎಂದವನು ತಡೆದೆ. “ಯಾವುದಾದರೂ ಹತ್ತಮ್ಮ. ಇದರಲ್ಲಿ ಎಲ್ಲ ಬೋಗಿಯೂ ಅಲ್ಲಿಗೇ ಹೋಗುತ್ತೆ.”

ಹೇಳುವಾಗ ನನ್ನ ದನಿಯಲ್ಲಿ ಸಿಟ್ಟು ಸಾಕಷ್ಟು ಇತ್ತೋ ಇಲ್ಲವೋ ಗೊತ್ತಾಗಲಿಲ್ಲ.